ಯಲ್ಲಾಪುರದಿಂದ ಲೇಹ್‌ಗೆ: ಲಾರಿಯ ಮೇಲೆ ಮನೆ ಕಟ್ಟಿಕೊಂಡು ಹೋಗುವ ಬಗೆ

ನಮ್ಮ ಮನೆ ಯಲ್ಲಾಪುರದ ಹತ್ತಿರ, ರಾಷ್ಟ್ರೀಯ ಹೆದ್ದಾರಿ 52ರಿಂದ ಎರಡು ಕಿಲೋಮೀಟರ್ ಒಳಗೆ. ಈ ರಸ್ತೆಯ ಒಂದು ತುದಿ ಅಂಕೋಲಾ, ಇನ್ನೊಂದು ತುದಿ ಪಂಜಾಬಿನ ಸಂಗರೂರು. ಒಟ್ಟು 2,300 ಕಿಲೋಮೀಟರಿಗಿಂತ ಜಾಸ್ತಿ. ಬೇರೆ ಬೇರೆ ರಾಜ್ಯಗಳ ನಂಬರ್ ಪ್ಲೇಟಿನ ಲಾರಿಗಳು ಇಲ್ಲಿ ಹಾದುಹೋಗುವುದನ್ನು ಚಿಕ್ಕಂದಿನಿಂದ ನೋಡುತ್ತಾ ಬೆಳೆದವನು ನಾನು. ಕೊನೆಗೂ ಏಳು ವರ್ಷ ಓಡಿದ ಒಂದು ಟಾಟಾ 407 ಚಿಕ್ಕ ಲಾರಿ ಕೊಂಡೆ. ಅದರ ಮೇಲೆ ಮಲಗಲು, ಅಡುಗೆ ಮಾಡಲು ಆಗುವಂಥ ಒಂದು ಪೆಟ್ಟಿಗೆ ಕಟ್ಟಿ, ನಾನೂ ನನ್ನ ಹೆಂಡತಿಯೂ ಲಡಾಖ್‌ವರೆಗೆ ಹೋಗಿ ಬಂದೆವು.

ಹೋಗಿ ಬಂದ ಮೇಲೆ ಕೇಳುವವರೆಲ್ಲ ಹಾಸಿಗೆ, ಸೋಲಾರ್, ಕಿಟಕಿ ಪರದೆಯ ಬಗ್ಗೆ ಕೇಳುತ್ತಾರೆ. ನಾನು ಒತ್ತಿ ಹೇಳುವುದು ಬೇರೆ ಎರಡು ವಿಷಯ. ಒಂದು ತೂಕ. ಇನ್ನೊಂದು, ಪೆಟ್ಟಿಗೆಯನ್ನು ಚಾಸಿಯ ಮೇಲೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ ಮೇಲೆ, ಕೂರಿಸುವ ರೀತಿ. ಇವೆರಡು ಸರಿ ಇದ್ದರೆ ಉಳಿದದ್ದನ್ನು ದಾರಿಯಲ್ಲೇ ಸರಿ ಮಾಡಿಕೊಳ್ಳಬಹುದು.

ಮೊದಲು ಕಾಗದ

ಕಬ್ಬಿಣ ಕತ್ತರಿಸುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಸುಮ್ನೆ ಬದಲಿಸುವಂತಿಲ್ಲ. ಮಲಗುವ ವ್ಯವಸ್ಥೆ ಇರುವ ಗಾಡಿಗೆ ಮೋಟಾರ್ ಕ್ಯಾರವಾನ್ ಎಂಬ ಬೇರೆ ವರ್ಗವೇ ಇದೆ. ಅದಕ್ಕೆ ಎಐಎಸ್ 124 ಎಂಬ ಮಾನದಂಡವೂ ಇದೆ. ಪೆಟ್ಟಿಗೆಯ ನಕ್ಷೆ, ಅಳತೆ, ಅಂದಾಜು ತೂಕ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ತೋರಿಸಿ, ಏನೇನು ಬೇಕು ಎಂದು ಬರಹದಲ್ಲೇ ಪಡೆಯಿರಿ. ಕಟ್ಟಿದ ಮೇಲೆ ಕೇಳಲು ಹೋದರೆ, ಬಿಚ್ಚಿ ಎಂದು ಹೇಳಿದರೂ ಆಶ್ಚರ್ಯವಿಲ್ಲ. ವಿಮೆಯವರಿಗೂ ಲಿಖಿತವಾಗಿ ತಿಳಿಸಿ.

ಲೈಸೆನ್ಸ್ ಬಗ್ಗೆ ಬಹಳ ಜನರಿಗೆ ಗೊಂದಲ ಇದೆ. ಒಟ್ಟು ತೂಕ 7,500 ಕೆಜಿ ಮೀರದ ಗಾಡಿಗೆ ಎಲ್‌ಎಂವಿ, ಅಂದರೆ ಹಗುರ ವಾಹನದ, ಲೈಸೆನ್ಸ್ ಸಾಕು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನೇ ಎತ್ತಿಹಿಡಿದಿದೆ. 407 ಇದರೊಳಗೇ ಬರುತ್ತದೆ.

ನಾಲ್ಕೂ ಚಕ್ರಕ್ಕೆ ಶಕ್ತಿ ಇರುವ ಗಾಡಿಯೇ ಬೇಕು ಎಂದು ವರ್ಷಗಟ್ಟಲೆ ಕಾಯಬೇಡಿ. ಮನಾಲಿ-ಲೇಹ್ ರಸ್ತೆಯಲ್ಲಿ ದಿನವೂ ಸಾಮಾನು ತುಂಬಿದ ಮಾಮೂಲಿ ಲಾರಿಗಳೇ ಓಡುತ್ತವೆ. ಸರ್ವಿಸ್ ಸರಿಯಾಗಿ ಆಗಿರುವ ಸಾದಾ ಗಾಡಿ, ಒಳ್ಳೆ ಬ್ರೇಕು, ಹೊಸ ಟೈರು ಸಾಕು. 407ರ ದೊಡ್ಡ ಗುಣ ಎಂದರೆ 1986ರಿಂದ ದೇಶದ ತುಂಬ ಓಡುತ್ತಿರುವ ಗಾಡಿ ಅದು. ಅದನ್ನು ಬಿಚ್ಚಿ ಕೂಡಿಸುವವರು ದಾರಿಯುದ್ದಕ್ಕೂ ಸಿಗುತ್ತಾರೆ.

ತೂಕ

ಪೆಟ್ಟಿಗೆ ಇಲ್ಲದ ಬರೀ ಗಾಡಿಯನ್ನು ಡೀಸೆಲ್ ತುಂಬಿಸಿ, ಲಾರಿ ತೂಗುವ ವೇ ಬ್ರಿಜ್ ಮೇಲೆ ನಿಲ್ಲಿಸಿ. ಮೊದಲು ಮುಂದಿನ ಚಕ್ರ ಮಾತ್ರ, ಆಮೇಲೆ ಪೂರ್ತಿ ಗಾಡಿ, ಆಮೇಲೆ ಹಿಂದಿನ ಚಕ್ರ ಮಾತ್ರ. ಮೂರು ಚೀಟಿ ಸಿಗುತ್ತದೆ. ಆರ್‌ಸಿಯಲ್ಲಿರುವ ಒಟ್ಟು ತೂಕದಲ್ಲಿ ಪೂರ್ತಿ ಗಾಡಿಯ ಚೀಟಿಯ ತೂಕವನ್ನು ಕಳೆಯಿರಿ. ಉಳಿದದ್ದರಲ್ಲಿ ನೀವಿಬ್ಬರು, ಬಟ್ಟೆ, ಪಾತ್ರೆ, ಸಾಮಾನು, ಸ್ಟೆಪ್ನಿ, ಪಾನಾ ಪೆಟ್ಟಿಗೆ, ನೀರು ಎಲ್ಲ ಬರಬೇಕು. 120 ಲೀಟರ್ ನೀರು ಅಂದರೆ 120 ಕೆಜಿ. ಇಷ್ಟೂ ಕಳೆದ ಮೇಲೆ ಉಳಿಯುವುದೇ ಮನೆಯ ತೂಕ. ಆ ಸಂಖ್ಯೆ ನೋಡಿದಾಗ ಮರದ ಕಪಾಟಿನ ಆಸೆ ತಾನಾಗಿ ಕಡಿಮೆಯಾಗುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಎಂಟಡಿ-ನಾಲ್ಕಡಿಯ 18 ಮಿಲಿಮೀಟರ್ ಪ್ಲೈವುಡ್ ಒಂದು ಹಾಳೆಗೆ ಸುಮಾರು 35 ಕೆಜಿ. 12ರದ್ದು 23 ಕೆಜಿ ಹತ್ತಿರ. ಊರಿನ ಬಡಗಿಗಳು ಮನೆಯ ಅಭ್ಯಾಸದಲ್ಲಿ 18ರದ್ದನ್ನೇ ಬಳಸುತ್ತಾರೆ. ಎಂಟು ಹಾಳೆ ಹಾಕಿದರೆ 280 ಕೆಜಿ ಹೋಯಿತು. ನಾವು ಅಲ್ಯೂಮಿನಿಯಂ ಪೈಪಿನ ಚೌಕಟ್ಟಿಗೆ 9 ಮಿಲಿಮೀಟರ್ ಹಾಕಿದೆವು. ಕಪಾಟಿಗೆ ಬಾಗಿಲಿನ ಬದಲು ಬಟ್ಟೆ, ಡ್ರಾಯರ್ ಬದಲು ಬುಟ್ಟಿ. ಗೋಡೆಗೆ ಕೋಲ್ಡ್ ಸ್ಟೋರೇಜ್‌ನವರು ಬಳಸುವ 50 ಮಿಲಿಮೀಟರಿನ, ಒಳಗೆ ಫೋಮ್ ತುಂಬಿದ ಪಫ್ ಪ್ಯಾನೆಲ್. ಅದು ಹಗುರ, ಚಳಿಗೂ ಬಿಸಿಲಿಗೂ ಅದೇ ಗೋಡೆ.

ಭಾರದ ವಸ್ತು ಹಿಂದಿನ ಅಚ್ಚಿನ ಮುಂದೆ, ಕೆಳಗೆ ಇರಲಿ. ನೀರಿನ ಟ್ಯಾಂಕ್ ಹಿಂದಿನ ಬಾಗಿಲ ಹತ್ತಿರ ಇಟ್ಟರೆ ಮುಂದಿನ ಚಕ್ರ ಹಗುರವಾಗುತ್ತದೆ, ಸ್ಟೇರಿಂಗ್ ತೇಲಿದ ಹಾಗೆ ಅನಿಸುತ್ತದೆ. ಎಲ್ಲ ತುಂಬಿದ ಮೇಲೆ ಮತ್ತೆ ತೂಗಿಸಿ. ನಮ್ಮದು ಮಿತಿಗಿಂತ 300 ಕೆಜಿ ಕಡಿಮೆ ಬಂತು. ಆ 300 ಕೆಜಿಯನ್ನು ತುಂಬಿಸಲು ಹೋಗಲೇ ಇಲ್ಲ. ಘಟ್ಟದಲ್ಲಿ ಬ್ರೇಕಿಗೂ ಪಾಟಾಕ್ಕೂ (ಅಚ್ಚಿನ ಮೇಲಿನ ಪಟ್ಟಿ ಸ್ಪ್ರಿಂಗಿಗೂ) ಅದೇ ಉಸಿರು.

ಚಾಸಿ ತಿರುಚುತ್ತದೆ

ಇದು ನನಗೆ ಗೊತ್ತಿರಲಿಲ್ಲ. ಮೊದಲ ಪೆಟ್ಟಿಗೆಯನ್ನು ನಾನೇ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ, ಎಂಟು ಕಡೆ ಯು ಬೋಲ್ಟ್ ಹಾಕಿ ಬಿಗಿದಿದ್ದೆ. ದಾಂಡೇಲಿ ಕಡೆಯ ಒಂದು ಹಾಳಾದ ಕಾಡುರಸ್ತೆಯಲ್ಲಿ ಹೋಗಿ ಬಂದೆವು. ಸಂಜೆ ನೋಡಿದರೆ ಬಾಗಿಲು ಮುಚ್ಚುತ್ತಿಲ್ಲ. ಕಿಟಕಿಯ ಮೂಲೆಯಿಂದ ಒಂದು ಗೇಣುದ್ದ ಸೀಳು. ಹುಬ್ಬಳ್ಳಿಯಲ್ಲಿ ಲಾರಿ ಬಾಡಿ ಕಟ್ಟುವ ಹಿರಿಯ ಮಿಸ್ತ್ರಿಯೊಬ್ಬರಿಗೆ ತೋರಿಸಿದೆ. ಅವರು ಕೆಳಗೆ ಬಗ್ಗಿ ನೋಡಿ ಹೇಳಿದರು: "ಅಣ್ಣಾರ, ಚಾಸಿ ತಿರುವ್ಯಾಡತೈತ್ರಿ. ಅದಕ್ಕ ಹಂಗ ಮಾಡ್ಯಾರ. ನೀವು ಅದರ ಕೈಕಾಲು ಕಟ್ಟಿದ್ರ ಎಲ್ಲ್ಯಾದ್ರೂ ಒಂದ್ಕಡೆ ಸೀಳೋದ."

ಎರಡು ಉದ್ದದ ಪಟ್ಟಿ, ನಡುವೆ ಅಡ್ಡಪಟ್ಟಿ, ಏಣಿಯ ಹಾಗೆ. ಅದೇ ಚಾಸಿ. ಒಂದು ಮುಂದಿನ ಚಕ್ರ ಕಲ್ಲೇರಿ, ಎದುರು ಮೂಲೆಯ ಹಿಂದಿನ ಚಕ್ರವೂ ಮೇಲೆದ್ದರೆ ಈ ಏಣಿ ತಿರುಚಿಕೊಳ್ಳುತ್ತದೆ. ಆದರೆ ಮನೆಯ ಪೆಟ್ಟಿಗೆ ತಿರುಚಲಾರದು. ಎರಡನ್ನೂ ಗಟ್ಟಿಯಾಗಿ ಬಿಗಿದರೆ ಸೋಲುವುದು ಪೆಟ್ಟಿಗೆ, ಇಲ್ಲವೇ ಚಾಸಿ.

ಎರಡನೇ ಸಲ ಮಿಸ್ತ್ರಿ ಹೇಳಿದ ಹಾಗೆ ಮಾಡಿದೆವು. ಪೆಟ್ಟಿಗೆಯ ಅಡಿಗೆ ತನ್ನದೇ ಆದ ಗಟ್ಟಿ ಚೌಕಟ್ಟು. ಅದು ಚಾಸಿಯ ಉದ್ದಕ್ಕೂ ಕನ್ವೇಯರ್ ಬೆಲ್ಟಿನ ರಬ್ಬರ್ ಪಟ್ಟಿಯ ಮೇಲೆ ಕೂರುತ್ತದೆ. ಹಿಂದಿನ ಅಚ್ಚಿನ ಹತ್ತಿರ ಮಾತ್ರ ಎರಡೂ ಬದಿ ದಪ್ಪ ಪ್ಲೇಟ್ ಹಾಕಿ ಅಲುಗದ ಹಾಗೆ ಬಿಗಿದಿದೆ. ಮುಂದೆ ಮತ್ತು ಮಧ್ಯದಲ್ಲಿ ಸ್ಪ್ರಿಂಗ್ ಜೋಡಣೆ: ಚಾಸಿಯಿಂದ ಒಂದು ಬ್ರಾಕೆಟ್, ಚೌಕಟ್ಟಿನಿಂದ ಒಂದು ಬ್ರಾಕೆಟ್, ಎರಡಕ್ಕೂ ಹಾದುಹೋಗುವ ಉದ್ದ ಬೋಲ್ಟ್, ನಟ್ಟಿನ ಕೆಳಗೆ ದಪ್ಪ ಸ್ಪ್ರಿಂಗ್. ಚಾಸಿ ತಿರುಚಿದಾಗ ಸ್ಪ್ರಿಂಗ್ ಅದುಮಿಕೊಂಡು, ಚೌಕಟ್ಟು ಆ ಮೂಲೆಯಲ್ಲಿ ಸ್ವಲ್ಪ ಮೇಲೇಳುತ್ತದೆ. ಸಮತಟ್ಟು ರಸ್ತೆಗೆ ಬಂದಾಗ ಮತ್ತೆ ಕೂರುತ್ತದೆ. ಪಕ್ಕಕ್ಕೆ ಜಾರದ ಹಾಗೆ ಎರಡೂ ಬದಿ ತಡೆಪಟ್ಟಿ ಬೇಕು. ಕ್ಯಾಬಿನ್‌ಗೂ ಪೆಟ್ಟಿಗೆಗೂ ನಡುವೆ ಒಂದು ಅಂಗೈ ಅಗಲ ಜಾಗ ಬಿಡಿ. ಇಲ್ಲವಾದರೆ ಒಂದಕ್ಕೊಂದು ತಾಗುತ್ತವೆ.

ಚಾಸಿಯ ಮೇಲಿನ ಮತ್ತು ಕೆಳಗಿನ ಮಡಿಕೆಯಲ್ಲಿ ತೂತು ಕೊರೆಯಬೇಡಿ, ವೆಲ್ಡಿಂಗ್ ಮಾಡಿಸಬೇಡಿ. ಭಾರವೆಲ್ಲ ನಿಲ್ಲುವುದು ಅಲ್ಲೇ. ಪಕ್ಕದ ಗೋಡೆಯಲ್ಲಿ ಕಂಪನಿಯವರೇ ಕೊಟ್ಟಿರುವ ತೂತುಗಳನ್ನು ಬಳಸಿ. ಚೌಕಟ್ಟಿಗೆ ಗಾಡಿಯ ಮೇಲೆಯೇ ವೆಲ್ಡಿಂಗ್ ಮಾಡುವುದಾದರೆ ಬ್ಯಾಟರಿ ತಂತಿ ಮೊದಲು ಬಿಚ್ಚಿ.

ಸರಿಯಾಗಿದೆಯೇ ಎಂದು ನೋಡಲು ದೂರ ಹೋಗಬೇಕಿಲ್ಲ. ನಾವು ಅಡಿಕೆ ಅಂಗಳದಲ್ಲೇ ಮಾಡಿದೆವು. ಎಡ ಮುಂದಿನ ಚಕ್ರವನ್ನೂ ಬಲ ಹಿಂದಿನ ಚಕ್ರವನ್ನೂ ಒಂದು ಗೇಣೆತ್ತರದ ಮರದ ದಿಮ್ಮಿಯ ಮೇಲೆ ಹತ್ತಿಸಿ ನಿಲ್ಲಿಸಿ. ಬಾಗಿಲು ತೆಗೆದು ಹಾಕಿ ನೋಡಿ. ನಮ್ಮ ಬಾಗಿಲು ಮೊದಲಿನಷ್ಟೇ ಸಲೀಸಾಗಿ ಮುಚ್ಚಿತು. ಆ ಸದ್ದು ಕೇಳಿದಾಗ ಆದ ಸಂತೋಷ ಲೇಹ್ ತಲುಪಿದಾಗಿನದಕ್ಕಿಂತ ಕಡಿಮೆಯದ್ದಲ್ಲ.

ಒಳಗಿನ ಸಾಮಾನು

ಗ್ಯಾಸ್‌ಗೆ 5 ಕೆಜಿಯ ಚಿಕ್ಕ ಸಿಲಿಂಡರ್. ಅದರ ಗೂಡಿನ ನೆಲದಲ್ಲಿ ಹೊರಕ್ಕೆ ತೆರೆಯುವ ತೂತು ಇರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಒಳಗೆ ಒಲೆ ಹಚ್ಚಬೇಡಿ. ಚಳಿ ಎಂದು ಒಲೆ ಉರಿಸಿಟ್ಟು ಮಲಗುವುದಂತೂ ಬೇಡವೇ ಬೇಡ. ಮೇಲಿನ ಗಾಳಿಕಿಂಡಿ ರಾತ್ರಿಯೂ ಒಂದಿಷ್ಟು ತೆರೆದಿರಲಿ. ಇಬ್ಬರ ಉಸಿರಿನ ತೇವಕ್ಕೇ ಬೆಳಿಗ್ಗೆ ಗೋಡೆಯಿಂದ ನೀರಿಳಿಯುತ್ತದೆ.

ಲಿಥಿಯಂ ಬ್ಯಾಟರಿ ಹಾಕುವುದಾದರೆ ಅದನ್ನು ಒಳಗೇ, ಬೆಚ್ಚಗಿನ ಜಾಗದಲ್ಲಿ ಇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಲಡಾಖ್‌ನ ಬೆಳಗಿನಲ್ಲಿ ಸೂರ್ಯ ಬೇಗ ಬರುತ್ತಾನೆ, ಬ್ಯಾಟರಿ ಇನ್ನೂ ತಣ್ಣಗಿರುತ್ತದೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ.

ಅರಬೈಲು ಘಟ್ಟ

ಹೊರಡುವ ಮೊದಲು ಪೂರ್ತಿ ತುಂಬಿದ ಗಾಡಿಯನ್ನು ಒಂದು ಘಟ್ಟ ಇಳಿಸಿ ಹತ್ತಿಸಿ. ನಮಗೆ ಅರಬೈಲು ಮನೆ ಬಾಗಿಲಲ್ಲೇ ಇದೆ. ಮೂರು ಸಲ ಹೋದೆವು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಕೆಳಗೆ ಬಂದು ನಿಲ್ಲಿಸಿ ಚಕ್ರದ ಹತ್ತಿರ ಮೂಸಿ ನೋಡಿ. ಸುಟ್ಟ ವಾಸನೆ ಬಂದರೆ ಬ್ರೇಕ್ ಜಾಸ್ತಿ ತುಳಿದಿದ್ದೀರಿ ಎಂದು ಅರ್ಥ. ಮನೆಗೆ ಬಂದು ಎಲ್ಲ ಬೋಲ್ಟ್ ಮತ್ತೆ ಬಿಗಿಯಿರಿ. ಮೊದಲ 500 ಕಿಲೋಮೀಟರಿನಲ್ಲಿ ಎಲ್ಲವೂ ಒಮ್ಮೆ ಸಡಿಲವಾಗುತ್ತದೆ.

ದಾರಿ

ನಾವು ಅಡಿಕೆ ತೋಟಕ್ಕೆ ಎರಡನೇ ಸಲದ ಕೊಳೆರೋಗದ ಮದ್ದು ಹೊಡೆದು, ಆಗಸ್ಟ್ ಕೊನೆಯಲ್ಲಿ ಹೊರಟೆವು. ಕೊಯ್ಲಿನೊಳಗೆ ವಾಪಸು ಬರಬೇಕಿತ್ತು. ಅದೃಷ್ಟಕ್ಕೆ ಲಡಾಖ್‌ಗೂ ಸೆಪ್ಟೆಂಬರೇ ಒಳ್ಳೆಯ ತಿಂಗಳು. ಮಳೆ ಕಡಿಮೆಯಾಗಿರುತ್ತದೆ, ಹಿಮ ಕರಗಿ ಹರಿಯುವ ನಾಲಾಗಳೂ ತಗ್ಗಿರುತ್ತವೆ.

ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಬೀಡ್, ಔರಂಗಾಬಾದ್ (ಈಗಿನ ಛತ್ರಪತಿ ಸಂಭಾಜಿನಗರ), ಧುಳೆ, ಇಂದೋರ್, ಕೋಟಾ, ಜೈಪುರ, ಸೀಕರ್, ಹಿಸಾರ್, ಸಂಗರೂರು. ಎಲ್ಲವೂ ಒಂದೇ ಹೆದ್ದಾರಿ, ದೆಹಲಿಗೆ ಹೋಗುವ ಅಗತ್ಯವೇ ಇಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ದೆಹಲಿ ಸುತ್ತಮುತ್ತ ತೊಂದರೆ ಆಗಬಹುದು. ಹಳೆ ಗಾಡಿಯವರು ಇದನ್ನು ನೆನಪಿಡಿ. ಔರಂಗಾಬಾದ್ ದಾಟಿದ ಮೇಲೆ ಕನ್ನಡ ಎಂಬ ಹೆಸರಿನ ಊರೇ ಸಿಗುತ್ತದೆ. ಫಲಕದ ಮುಂದೆ ಗಾಡಿ ನಿಲ್ಲಿಸದೆ ಹೋಗಲು ನಮಗೆ ಮನಸ್ಸಾಗಲಿಲ್ಲ. ಸೇಂಧ್ವಾ ಹತ್ತಿರದ ಬಿಜಾಸನ್ ಘಟ್ಟದಲ್ಲಿ ನಿಧಾನ ಇರಲಿ.

ದಿನಕ್ಕೆ 250 ಕಿಲೋಮೀಟರ್, ವೇಗ 55. ಅದಕ್ಕಿಂತ ಜಾಸ್ತಿ ಬೇಡ. ಕತ್ತಲಾಗುವ ಒಂದು ಗಂಟೆ ಮೊದಲೇ ಜಾಗ ನೋಡಿ. ಲಾರಿಗಳು ನಿಲ್ಲುವ ದೊಡ್ಡ ಬಂಕ್ ಒಳ್ಳೆಯದು. ಡೀಸೆಲ್ ಅಲ್ಲೇ ಹಾಕಿಸಿ, ಕೇಳಿ ನಿಲ್ಲಿಸಿ. ಢಾಬಾದಲ್ಲಾದರೆ ಅಲ್ಲೇ ಊಟ ಮಾಡಿ. ಹಿಮಾಚಲದಲ್ಲಿ ನದಿ ದಂಡೆ ಎಷ್ಟು ಚೆಂದ ಕಂಡರೂ ಅಲ್ಲಿ ರಾತ್ರಿ ಕಳೆಯಬೇಡಿ. 2023ರ ಜುಲೈನಲ್ಲಿ ಬಿಯಾಸ್ ನದಿ ಕುಲ್ಲು-ಮನಾಲಿ ರಸ್ತೆಯನ್ನೇ ಹಲವು ಕಡೆ ಕೊಚ್ಚಿಕೊಂಡು ಹೋಗಿತ್ತು.

ಎತ್ತರ

ಮನಾಲಿಯಿಂದ ಮುಂದೆ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ. 2020ರ ಅಕ್ಟೋಬರ್‌ನಲ್ಲಿ ಅದು ತೆರೆದ ಮೇಲೆ ರೋಹ್ತಾಂಗ್ ಹತ್ತುವ ಕಷ್ಟ ತಪ್ಪಿದೆ. ಆದರೆ ಇದರಿಂದ ಮೈಗೆ ಎತ್ತರ ಒಗ್ಗುವ ಮೊದಲೇ ಮೇಲೆ ಹೋಗಿಬಿಡುವ ಅಪಾಯವೂ ಬಂದಿದೆ.

ಮನೆ ಜೊತೆಗೇ ಇರುವವರು ಇಲ್ಲಿ ಜಾಸ್ತಿ ಎಚ್ಚರ ವಹಿಸಬೇಕು. ಸುಸ್ತಾಯಿತು, ಹಾಸಿಗೆ ಹಿಂದೆಯೇ ಇದೆ, ಇಲ್ಲೇ ಮಲಗೋಣ ಅನಿಸುತ್ತದೆ. ಆ 'ಇಲ್ಲೇ' 4,600 ಮೀಟರಿನ ಪಾಂಗ್ ಆಗಿರಬಹುದು. ಎಲ್ಲಿ ಮಲಗುವುದು ಎಂದು ಮನೆಯಲ್ಲೇ ಬರೆದಿಟ್ಟುಕೊಳ್ಳಿ. ನಾವು 3,200 ಮೀಟರಿನ ಜಿಸ್ಪಾದಲ್ಲಿ ಮೂರು ರಾತ್ರಿ ಇದ್ದೆವು. ಹಗಲು ಗುಡ್ಡ ಹತ್ತಿ, ರಾತ್ರಿ ಕೆಳಗೆ ಬಂದು ಮಲಗಿದೆವು. ಆಮೇಲೆ ಒಂದು ರಾತ್ರಿ ಸರ್ಚು, ಒಂದು ರಾತ್ರಿ ತಂಗ್ಲಾಂಗ್ ಲಾ ಎಂಬ ಎತ್ತರದ ಕಣಿವೆದಾರಿ ಇಳಿದ ಮೇಲೆ ರುಮ್ಟ್ಸೆ. ತಲೆನೋವಿನ ಜೊತೆ ವಾಂತಿ ಬಂದರೆ, ನಡೆಯುವಾಗ ಕಾಲು ತಪ್ಪಿದರೆ ಕಾಯಬೇಡಿ, ಕೆಳಗಿಳಿಯಿರಿ. ಮಾತ್ರೆ ವಿಷಯ ಹೊರಡುವ ಮೊದಲೇ ನಿಮ್ಮ ವೈದ್ಯರ ಹತ್ತಿರ ಮಾತಾಡಿ.

ಡೀಸೆಲ್ ಲೆಕ್ಕ: ಸುರಂಗ ದಾಟಿದ ಮೇಲೆ ಸಿಗುವ ತಾಂಡಿಯ ಬಂಕ್ ಹತ್ತಿರ ಮುಂದಿನ ಬಂಕ್ 365 ಕಿಲೋಮೀಟರ್ ಎಂಬ ಹೆಸರುವಾಸಿ ಫಲಕ ಇದೆ. ನಮ್ಮ ಗಾಡಿ ಅಲ್ಲಿ ಲೀಟರಿಗೆ ಐದು ಕೊಟ್ಟಿತು. ಅಂದರೆ 73 ಲೀಟರ್. 90 ಇಟ್ಟುಕೊಂಡು ಹೊರಟೆವು. ನಾಲಾ ದಾಟುವುದಿದ್ದರೆ ಬೆಳಿಗ್ಗೆ ಏಳರೊಳಗೆ. ಮಧ್ಯಾಹ್ನದ ಬಿಸಿಲಿಗೆ ಮೇಲಿನ ಹಿಮ ಕರಗಿ ಅದೇ ನಾಲಾ ಎರಡು ಪಟ್ಟಾಗಿರುತ್ತದೆ. ನಾವು ಎತ್ತರಕ್ಕೆ ಹೋದಂತೆ ಟೈರಿನ ಗಾಳಿ ಮೀಟರಿನಲ್ಲಿ ಐದಾರು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಹೊರಗಿನ ಒತ್ತಡ ಕಡಿಮೆಯಾದ್ದರಿಂದ ಹೀಗೆ, ಗಾಬರಿ ಬೇಡ.

ಸರ್ಚುವಿನಲ್ಲಿ ನೀರು 86 ಡಿಗ್ರಿ ಸುತ್ತಮುತ್ತಲೇ ಕುದಿಯುತ್ತದೆ. ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಎಷ್ಟು ಹೊತ್ತಾದರೂ ಬೇಯುವುದಿಲ್ಲ. ಕುಕ್ಕರ್ ಬೇಕು, ಒಂದು ಹೆಚ್ಚಿನ ಗ್ಯಾಸ್ಕೆಟ್ಟೂ ಬೇಕು. ನನ್ನ ಹೆಂಡತಿ ಕಟ್ಟಿಕೊಂಡು ಬಂದಿದ್ದ ಅವಲಕ್ಕಿ, ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಅಲ್ಲಿ ನಮ್ಮನ್ನು ಕಾಪಾಡಿತು. ಹಸಿವೇ ಆಗದ ಆ ಎತ್ತರದಲ್ಲಿ ಮಿಡಿಯ ವಾಸನೆಗೆ ಬಾಯಲ್ಲಿ ನೀರು ಬಂತು.

ವಾಪಸು ಬಂದ ಮೇಲೆ ಗಾಡಿಯನ್ನು ಹಾಗೇ ನಿಲ್ಲಿಸಬೇಡಿ. ಅಡಿಭಾಗ ತೊಳೆದು ಸ್ಪ್ರಿಂಗ್ ಬೋಲ್ಟ್‌ಗಳನ್ನೂ ಪಾಟಾದ ಒಂದೊಂದು ಪಟ್ಟಿಯನ್ನೂ ಟಾರ್ಚ್ ಹಿಡಿದು ನೋಡಿ. ನಮ್ಮದರಲ್ಲಿ ಬಲಗಡೆಯ ಪಾಟಾದಲ್ಲಿ ಒಂದು ಪಟ್ಟಿ ಬಿರುಕು ಬಿಟ್ಟಿತ್ತು. ಪೆಟ್ಟಿಗೆಯಲ್ಲಿ ಒಂದೂ ಸೀಳಿರಲಿಲ್ಲ. ನೀರಿನ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಣಗಿಸಿ, ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಬಿಡಿ, ಸಿಲಿಂಡರ್ ಹೊರಗೆ ತೆಗೆದಿಡಿ. ಮಲೆನಾಡಿನವರಾದರೆ ಹಾಸಿಗೆಯನ್ನು ಎತ್ತಿ ನಿಲ್ಲಿಸಿ, ಇಲ್ಲವಾದರೆ ಮುಂದಿನ ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ.