ಟೇಕ್ ಅನ್ನೋ ಕ್ರಿಯಾಪದ: ಎಲ್ಲಿ, ಹೇಗೆ ಬಳಸೋದು

ಕೊಡಗಿನಲ್ಲಿ ಹೋಂಸ್ಟೇ ನಡೆಸುವವರು, ಜೀಪ್ ಓಡಿಸುವವರು ಇಂಗ್ಲಿಷಿನ ಒಂದೇ ಒಂದು ಕ್ರಿಯಾಪದ ಚೆನ್ನಾಗಿ ಕಲಿಯೋದಾದರೆ ಟೇಕ್ ಕಲಿಯಿರಿ. ಮೂಲ ಅರ್ಥ ತಗೋ. ಆಗಿಹೋದದ್ದಕ್ಕೆ ಟುಕ್, ಹ್ಯಾವ್ ಜೊತೆ ಬಂದರೆ ಟೇಕನ್. ಟೇಕ್ಡ್ ಅನ್ನೋ ರೂಪವೇ ಇಲ್ಲ.

ಜಾಸ್ತಿ ಗೊಂದಲ ಆಗೋದು ಬ್ರಿಂಗ್ ಜೊತೆ. ಮಾತಾಡುವವರ ಕಡೆಗೆ ತಂದರೆ ಬ್ರಿಂಗ್, ಅಲ್ಲಿಂದ ಬೇರೆ ಕಡೆಗೆ ಒಯ್ದರೆ ಟೇಕ್. ಮಡಿಕೇರಿಯಲ್ಲಿ ನಿಂತು ಅತಿಥಿಗಳಿಗೆ ‘ಐ ವಿಲ್ ಟೇಕ್ ಯೂ ಟು ತಲಕಾವೇರಿ’ ಅನ್ನಬೇಕು, ಸಂಜೆ ವಾಪಸ್ ಮನೆಗೆ ಕರ್ಕೊಂಡು ಬನ್ನಿ ಅಂತ ಮನೆಯವರು ಫೋನಲ್ಲಿ ಹೇಳೋದಾದರೆ ಅದು ಬ್ರಿಂಗ್. ಸಮಯಕ್ಕೂ ಇದೇ ಪದ: ‘ಇಟ್ ಟೇಕ್ಸ್ ಟೂ ಅವರ್ಸ್’, ಅಂದರೆ ಎರಡು ಗಂಟೆ ಹಿಡಿಯುತ್ತೆ. ರಾಜಾಸೀಟ್‌ನಲ್ಲಿ ಫೋಟೋ ತೆಗೆಯೋದೂ ಟೇಕ್, ದೇವಸ್ಥಾನದ ಮುಂದೆ ಶೂ ಬಿಚ್ಚಿ ಅನ್ನೋಕೆ ಟೇಕ್ ಆಫ್.

ಆದರೆ ‘ಟೇಕ್ ಕಾಫಿ’ ಬೇಡ, ಒರಟಾಗಿ ಕೇಳಿಸುತ್ತೆ. ‘ಪ್ಲೀಸ್ ಹ್ಯಾವ್ ಸಮ್ ಕಾಫಿ’ ಚಂದ, ಅಲ್ವಾ? ಮಾತ್ರೆಗೆ ಮಾತ್ರ ಟೇಕ್ ಸರಿ.

ಇನ್ನು ಮೂಲ. ಇಷ್ಟು ಬಳಕೆಯ ಪದವೂ ಇಂಗ್ಲಿಷಿಗೆ ಹೊರಗಿನಿಂದ ಬಂದದ್ದು ಅನ್ನೋದು ನನಗೆ ತುಂಬ ಇಷ್ಟದ ವಿಷಯ. 9ನೇ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ, ಪೂರ್ವ ಭಾಗದಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯಾದ ಜನ ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯ ‘ಟಾಕಾ’ ಇದರ ಮೂಲ. ಅದಕ್ಕೂ ಮುಂಚೆ ಇಂಗ್ಲಿಷರು ‘ನಿಮನ್’ ಅನ್ನುತ್ತಿದ್ದರು, ಜರ್ಮನ್‌ನ ‘ನೇಮನ್’ ಅದಕ್ಕೆ ಸಂಬಂಧಿಸಿದ್ದೇ. ಟೇಕ್ ಬಂದ ಮೇಲೆ ನಿಮನ್ ನಿಧಾನವಾಗಿ ಬಳಕೆ ತಪ್ಪಿತು.