ನಿದ್ದೆಯಲ್ಲಿ ಉಸಿರು ಕಟ್ಟುತ್ತಿದೆಯಾ? ಪತ್ತೆ ಹಚ್ಚುವುದು ಹೀಗೆ

"ನಾನು ಗೊರಕೆನೇ ಹೊಡೆಯಲ್ಲ" ಅನ್ನುವವರನ್ನು ನಂಬಬೇಡಿ, ಪಕ್ಕದಲ್ಲಿ ಮಲಗುವವರನ್ನು ಕೇಳಿ. ಸ್ಲೀಪ್ ಆಪ್ನಿಯ (ನಿದ್ದೆಯಲ್ಲಿ ಪದೇ ಪದೇ ಉಸಿರು ನಿಲ್ಲುವ ತೊಂದರೆ) ಇದ್ದವರಿಗೆ ಗಂಟೆಗೆ 30 ಸಲ ಉಸಿರು ನಿಂತರೂ ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಗಂಟಲು ಸಡಿಲಾಗಿ ದಾರಿ ಮುಚ್ಚಿಕೊಳ್ಳುತ್ತದೆ, ಆಕ್ಸಿಜನ್ ಇಳಿಯುತ್ತದೆ, ಮೆದುಳು ಕೆಲವೇ ಸೆಕೆಂಡು ಎಚ್ಚರಗೊಂಡು ಗಂಟಲು ಬಿಗಿಮಾಡಿ ಮತ್ತೆ ನಿದ್ದೆಗೆ ಜಾರುತ್ತದೆ. ಅಷ್ಟು ಚಿಕ್ಕ ಎಚ್ಚರ ನೆನಪಲ್ಲಿ ಉಳಿಯುವುದಿಲ್ಲ. ಕೆಲವರು ಮಾತ್ರ ಉಸಿರುಕಟ್ಟಿ ಧಡಕ್ಕನೆ ಎದ್ದು ಕೂರುತ್ತಾರೆ.

ಪಿಜಿಯಲ್ಲೋ ಒಂಟಿ ರೂಮಲ್ಲೋ ಇದ್ದೀರಾ? ಫೋನ್ ರೆಕಾರ್ಡರ್ ಆನ್ ಮಾಡಿ ದಿಂಬಿನ ಹತ್ತಿರ ಇಡಿ. ರಸ್ತೆ ಕಡೆ ಕಿಟಕಿ ಮುಚ್ಚಿ, ಇಲ್ಲಾಂದ್ರೆ ಬೆಂಗಳೂರಿನ ನಾಯಿಗಳೇ ರೆಕಾರ್ಡ್ ಆಗುತ್ತವೆ. ಗೊರಕೆ ಏರುತ್ತಾ ಹೋಗಿ ಪಟ್ಟನೆ ನಿಂತು, 10 ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಸದ್ದೇ ಇಲ್ಲದೆ, ಆಮೇಲೆ ಏದುಸಿರಿನ ಜೊತೆ ಮತ್ತೆ ಶುರುವಾಗುತ್ತಾ, ಅದನ್ನು ಕೇಳಿ. ಜೊತೆಗೆ ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು: ಎದೆ, ಹೊಟ್ಟೆ ಏರಿಳಿಯುತ್ತಲೇ ಇರುತ್ತವೆ, ಆದರೆ ಮೂಗಿನ ಹತ್ತಿರ ಬೆರಳು ಹಿಡಿದರೆ ಗಾಳಿನೇ ಇರುವುದಿಲ್ಲ.

ಹಗಲಿನ ಸುಳಿವುಗಳೂ ಇವೆ. ಎದ್ದಾಗ ತಲೆನೋವು, ಒಣಗಿದ ಬಾಯಿ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು. ಬಸ್ಸಲ್ಲಿ ತೂಕಡಿಸಿದರೆ ಬಿಡಿ, ಎಲ್ಲರೂ ತೂಕಡಿಸುತ್ತಾರೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸ್ಟೀರಿಂಗ್ ಹಿಡಿದೇ ಕಣ್ಣು ಮುಚ್ಚಿದರೆ ತಡ ಮಾಡಬೇಡಿ. ಇಎನ್‌ಟಿ ಅಥವಾ ಶ್ವಾಸಕೋಶದ ಡಾಕ್ಟರ್ ಹತ್ತಿರ ಹೋಗಿ, ರೆಕಾರ್ಡಿಂಗ್ ಕೇಳಿಸಿ, ಸ್ಲೀಪ್ ಸ್ಟಡಿ (ಮಲಗಿದ್ದಾಗ ಉಸಿರಾಟ ಅಳೆಯುವ ಪರೀಕ್ಷೆ) ಬೇಕಾ ಅಂತ ಕೇಳಿ. ವರದಿಯಲ್ಲಿ ಉಸಿರು ನಿಂತ ಅಥವಾ ಕುಗ್ಗಿದ ಲೆಕ್ಕ ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಮಾಮೂಲು, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಅಲ್ಲಿಯವರೆಗೆ ಮಗ್ಗುಲಾಗಿ ಮಲಗಿ. ರಾತ್ರಿ ಮದ್ಯ ಬೇಡ, ಡಾಕ್ಟರ್ ಹೇಳದ ನಿದ್ದೆ ಮಾತ್ರೆಯೂ ಬೇಡ, ಎರಡೂ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವವರಿಗೆ ಮೊದಲೇ ಹೇಳಿ.

ಪ್ರಜ್ಞೆ ತಪ್ಪಿದವರ ಕಥೆಯೇ ಬೇರೆ. ನಿದ್ದೆಯಲ್ಲಿರುವವರನ್ನು ಮೆದುಳು ಎಬ್ಬಿಸುತ್ತದೆ, ಇವರನ್ನು ಎಬ್ಬಿಸದೇ ಹೋಗಬಹುದು. ಕುಡಿದು ಬಿದ್ದವರು ಗೊರಕೆ ಹೊಡೆದರೆ "ಮಲಗಲಿ ಬಿಡು" ಅನ್ನಬೇಡಿ, ಅದು ಗಂಟಲು ಅರ್ಧ ಮುಚ್ಚಿದ ಸದ್ದು ಇರಬಹುದು. ಭುಜ ತಟ್ಟಿ ಜೋರಾಗಿ ಕೂಗಿ. ಏಳದಿದ್ದರೆ 108ಕ್ಕೆ ಫೋನ್ ಮಾಡಿ. ಉಸಿರು ಸರಿಯಾಗಿದ್ದರೆ ಮಗ್ಗುಲಿಗೆ ಹೊರಳಿಸಿ, ಬಾಯಿಗೆ ನೀರು ಹಾಕಬೇಡಿ. ಉಸಿರೇ ಇಲ್ಲ, ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುತ್ತಿದ್ದಾರೆ ಅಂದರೆ ಕಾಯದೆ ಎದೆ ಒತ್ತಲು ಶುರು ಮಾಡಿ.