ಮಾರಿಷಸ್ ಚರಿತ್ರೆಯನ್ನು ಹಡಗುಗಳ ಮೂಲಕ ಓದುವ ಬಗೆ

ಒಂದು ದೇಶದ ಚರಿತ್ರೆಯನ್ನು ಮೊದಲ ನೆಲೆಯಿಂದ ಇಂದಿನವರೆಗೆ ಓದಲು ಕುಳಿತವರು ಸಾಮಾನ್ಯವಾಗಿ ರಾಜವಂಶಗಳ ಪಟ್ಟಿಯನ್ನೋ ಯುದ್ಧಗಳ ಇಸವಿಗಳನ್ನೋ ಕೈಗೆತ್ತಿಕೊಳ್ಳುತ್ತಾರೆ. ಮಾರಿಷಸ್ ವಿಷಯದಲ್ಲಿ ಈ ಕ್ರಮ ಸಾಗುವುದಿಲ್ಲ. ಮಡಗಾಸ್ಕರ್‌ನಿಂದ ಪೂರ್ವಕ್ಕೆ, ಹಿಂದೂ ಮಹಾಸಾಗರದ ನಡುವೆ ಜ್ವಾಲಾಮುಖಿಯಿಂದ ಎದ್ದ ಈ ದ್ವೀಪದಲ್ಲಿ 1638ಕ್ಕಿಂತ ಮೊದಲು ಮನುಷ್ಯರ ಒಂದು ಹಳ್ಳಿಯೂ ಇರಲಿಲ್ಲ. ಮೂಲನಿವಾಸಿಗಳೆಂದು ಕರೆಯಿಸಿಕೊಳ್ಳುವವರು ಯಾರೂ ಇಲ್ಲದ ಆ ದೇಶದಲ್ಲಿ ಇಂದು ಇರುವ ಪ್ರತಿಯೊಬ್ಬರ ಹಿರಿಯರೂ ಹೊರಗಿನಿಂದ ಬಂದವರೇ. ಆದ್ದರಿಂದ ಅದರ ಚರಿತ್ರೆಯನ್ನು ಹಡಗುಗಳನ್ನು ಹಿಡಿದು ಓದಬೇಕು ಎಂಬುದು ನನ್ನ ಸಲಹೆ. ದಡಕ್ಕೆ ಬಂದ ಪ್ರತಿಯೊಂದು ಹಡಗಿನ ಮುಂದೆಯೂ ನಾಲ್ಕು ಪ್ರಶ್ನೆಗಳನ್ನು ಇಡಿ: ಬಂದವರು ಯಾರು, ಯಾರ ಇಚ್ಛೆಯಿಂದ ಬಂದರು, ಯಾವ ಷರತ್ತಿನ ಮೇಲೆ ಬಂದರು, ಅದನ್ನು ಬರೆದಿಟ್ಟವರು ಯಾರು. ಕೊನೆಯ ಪ್ರಶ್ನೆಯನ್ನು ಮರೆತರೆ ಉಳಿದ ಮೂರಕ್ಕೆ ಸಿಗುವ ಉತ್ತರಗಳು ಅರ್ಧ ಮಾತ್ರ ನಿಜವಾಗಿರುತ್ತವೆ.

ಪುಸ್ತಕಕ್ಕಿಂತ ಮೊದಲು ಒಂದು ಒಳ್ಳೆಯ ಭೂಪಟವನ್ನು ಹಾಸಿಕೊಳ್ಳುವುದು ಒಳಿತು. ಹೆಸರುಗಳೇ ಅಲ್ಲಿ ಪದರ ಪದರವಾಗಿ ಕುಳಿತಿವೆ. ಪೀಟರ್ ಬೋತ್ ಎಂಬ ಶಿಖರ, 1615ರಲ್ಲಿ ಆ ಕರಾವಳಿಯಲ್ಲಿ ಹಡಗು ಮುಳುಗಿ ಸತ್ತ ಡಚ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್‌ನ ಹೆಸರನ್ನು ಹೊತ್ತಿದೆ. ಫ್ಲಾಕ್ ಎಂಬ ಜಿಲ್ಲೆಯ ಹೆಸರು ಡಚ್ಚರ ಬಾಯಲ್ಲಿ ಬಯಲು ಎಂಬ ಅರ್ಥದ ಮಾತಾಗಿತ್ತು. ಪೋರ್ಟ್ ಲೂಯಿ ಎಂಬುದು ಫ್ರಾನ್ಸಿನ ದೊರೆಯ ಹೆಸರು. ದಕ್ಷಿಣದ ಸಾವಾನ್ ಜಿಲ್ಲೆಯಲ್ಲಿ ಬೆನಾರೆಸ್ ಎಂಬ ಊರೂ ಇದೆ. ಇಂಥ ಇಪ್ಪತ್ತು ಹೆಸರುಗಳನ್ನು ಗುರುತು ಮಾಡಿಕೊಂಡರೆ ಯಾವ ಭಾಷೆಯವರು ಎಲ್ಲಿ ನೆಲೆ ನಿಂತರು, ಯಾರು ಹೆಸರಿಡುವ ಅಧಿಕಾರ ಹೊಂದಿದ್ದರು ಎಂಬುದು ತಾನಾಗಿ ಕಾಣತೊಡಗುತ್ತದೆ.

ಡಚ್ಚರ ಕಾಲವನ್ನು ಬೇಗ ಓದಿ ಮುಗಿಸಬಹುದು. 1598ರಲ್ಲಿ ಅವರ ಹಡಗುಗಳು ಆಗ್ನೇಯದ ಕೊಲ್ಲಿಯಲ್ಲಿ ಲಂಗರು ಹಾಕಿ ತಮ್ಮ ರಾಜಕುಮಾರ ಮಾರಿಸ್‌ನ ಹೆಸರನ್ನು ದ್ವೀಪಕ್ಕೆ ಇಟ್ಟವು. 1638ರಲ್ಲಿ ನೆಲೆಯೂರಿದವರು 1658ರಲ್ಲಿ ಬಿಟ್ಟುಹೋದರು, 1664ರಲ್ಲಿ ಮರಳಿ ಬಂದು 1710ರಲ್ಲಿ ಕೊನೆಯದಾಗಿ ಹೊರಟುಹೋದರು. ಆದರೆ ಅವರ ಹಡಗಿನಿಂದ ಇಳಿದ ಸರಕನ್ನು ಮಾತ್ರ ಗಮನವಿಟ್ಟು ನೋಡಿ. ಜಾವಾದಿಂದ ಕಬ್ಬು ಬಂತು, ಜಿಂಕೆ ಬಂತು. ಮಡಗಾಸ್ಕರ್‌ನಿಂದ ಗುಲಾಮರನ್ನು ತರಲಾಯಿತು. ಇಲಿಗಳೂ ಹಂದಿಗಳೂ ಬಂದು ನೆಲದ ಮೇಲೆ ಮೊಟ್ಟೆಯಿಡುತ್ತಿದ್ದ ಡೋಡೋ ಹಕ್ಕಿಯ ಸಂತತಿ ಅಳಿಯಿತು. ಮುಂದಿನ ಮುನ್ನೂರು ವರ್ಷಗಳ ಕಥೆಗೆ ಬೇಕಾದ ಎರಡು ಮುಖ್ಯ ಸಂಗತಿಗಳು, ಅಂದರೆ ಕಬ್ಬು ಮತ್ತು ಒತ್ತಾಯದ ದುಡಿಮೆ, ಈ ಸೋತ ವಸಾಹತಿನಲ್ಲಿಯೇ ಬೇರು ಬಿಟ್ಟಿದ್ದವು.

ಫ್ರೆಂಚರು 1715ರಲ್ಲಿ ದ್ವೀಪವನ್ನು ವಶಪಡಿಸಿಕೊಂಡು ಅದಕ್ಕೆ ಇಲ್ ದ ಫ್ರಾನ್ಸ್ ಎಂದು ಹೆಸರಿಟ್ಟರು. ಈ ಕಾಲವನ್ನು ಓದುವಾಗ ಎರಡು ಪುಟಗಳನ್ನು ಯಾವಾಗಲೂ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕು. ಒಂದು ಪುಟದಲ್ಲಿ 1735ರಲ್ಲಿ ಗವರ್ನರ್ ಆಗಿ ಬಂದ ಲಾ ಬೂರ್ದೊನೆ ಪೋರ್ಟ್ ಲೂಯಿಯನ್ನು ಬಂದರಾಗಿ ಕಟ್ಟಿದ್ದು, ಅಲ್ಲಿಂದಲೇ ನೌಕಾಪಡೆ ಹೊರಡಿಸಿ 1746ರಲ್ಲಿ ಮದ್ರಾಸನ್ನು ಹಿಡಿದದ್ದು, ಮುಂದೆ ಆಡಳಿತಾಧಿಕಾರಿಯಾಗಿ ಬಂದ ಪಿಯೆರ್ ಪ್ವಾವ್ರ್ ಪಾಂಪ್ಲೆಮೂಸ್ ತೋಟದಲ್ಲಿ ಜಾಯಿಕಾಯಿ ಮತ್ತು ಲವಂಗದ ಗಿಡಗಳನ್ನು ಬೆಳೆಸಿದ್ದು ಇರುತ್ತವೆ. ಇನ್ನೊಂದು ಪುಟದಲ್ಲಿ, ಆ ಬಂದರಿನ ಕಲ್ಲು ಹೊತ್ತವರು ಮಡಗಾಸ್ಕರ್ ಮತ್ತು ಪೂರ್ವ ಆಫ್ರಿಕದಿಂದ ತಂದ ಗುಲಾಮರು ಎಂಬುದೂ, ಪುದುಚೇರಿಯ ಕಡೆಯಿಂದ ಬಂದ ಕಲ್ಲುಕುಟಿಗರು ಮತ್ತು ಬಡಗಿಗಳು ಪಟ್ಟಣದ ಅಂಚಿನ ಮಲಬಾರ್ ಬಿಡಾರದಲ್ಲಿ ವಾಸವಾಗಿದ್ದರು ಎಂಬುದೂ ಇರುತ್ತವೆ. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ದ್ವೀಪದ ಹತ್ತು ಜನರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಗುಲಾಮರಾಗಿದ್ದರು. ಫ್ರಾನ್ಸಿನ ಕ್ರಾಂತಿಕಾರಿ ಸರ್ಕಾರ 1794ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿ, ಅದನ್ನು ಜಾರಿಗೆ ತರಲು 1796ರಲ್ಲಿ ಪ್ರತಿನಿಧಿಗಳನ್ನು ಕಳುಹಿಸಿದಾಗ, ತೋಟದ ಒಡೆಯರು ಅವರನ್ನು ಹಡಗು ಹತ್ತಿಸಿ ದ್ವೀಪದಿಂದ ಅಟ್ಟಿದರು. ಬಂದವರನ್ನು ಹೊರಗಟ್ಟಿದ ಹಡಗುಗಳೂ ಚರಿತ್ರೆಯ ಭಾಗವೇ ಎಂಬುದನ್ನು ಇಲ್ಲಿ ಕಲಿಯಬೇಕು.

ಕನ್ನಡದ ಓದುಗರು ಇಲ್ಲಿ ಸ್ವಲ್ಪ ನಿಲ್ಲಲೇಬೇಕು, ಏಕೆಂದರೆ ಮುಂದಿನ ಹಡಗು ನಮ್ಮ ಮಂಗಳೂರಿಗೇ ಬರುತ್ತದೆ. ಟಿಪ್ಪು ಸುಲ್ತಾನನ ಇಬ್ಬರು ರಾಯಭಾರಿಗಳು 1798ರ ಜನವರಿಯಲ್ಲಿ ಇಲ್ ದ ಫ್ರಾನ್ಸ್ ತಲುಪಿ ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಕೇಳಿದರು. ಗುಟ್ಟಾಗಿ ನಡೆಯಬೇಕಾಗಿದ್ದ ಈ ಮಾತುಕತೆಯನ್ನು ಗವರ್ನರ್ ಮಲಾರ್ತಿಕ್, ಜನವರಿ 30ರಂದು ಹೊರಡಿಸಿದ ಘೋಷಣೆಯಲ್ಲಿ ಊರಿಗೆಲ್ಲ ಸಾರಿ, ಸುಲ್ತಾನನ ಸೇವೆಗೆ ಸ್ವಯಂಸೇವಕರು ಮುಂದೆ ಬರಬೇಕೆಂದು ಕರೆಕೊಟ್ಟನು. ಸಾವಿರಾರು ಸೈನಿಕರನ್ನು ನಿರೀಕ್ಷಿಸಿದ್ದ ಟಿಪ್ಪುವಿಗಾಗಿ ಏಪ್ರಿಲ್ ಕೊನೆಯಲ್ಲಿ ಮಂಗಳೂರಿನಲ್ಲಿ ಇಳಿದವರು ನೂರು ಜನವೂ ಆಗಲಿಲ್ಲ. ಆದರೆ ಆ ಘೋಷಣೆಯ ಪ್ರತಿ ಕಲ್ಕತ್ತೆಯನ್ನು ಮುಟ್ಟಿ, ಆಗಷ್ಟೇ ಅಧಿಕಾರ ವಹಿಸಿಕೊಂಡಿದ್ದ ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಾಗಿದ್ದ ಕಾರಣವನ್ನು ಒದಗಿಸಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಒಂದೇ ಕಾಗದವನ್ನು ಪೋರ್ಟ್ ಲೂಯಿಯಲ್ಲಿ ನಿಂತು ಒಮ್ಮೆ, ಕಲ್ಕತ್ತೆಯಲ್ಲಿ ನಿಂತು ಒಮ್ಮೆ, ಶ್ರೀರಂಗಪಟ್ಟಣದ ಕೋಟೆಯೊಳಗೆ ನಿಂತು ಒಮ್ಮೆ ಓದಿ ನೋಡಿ. ಮೂರು ಕಡೆಯಲ್ಲೂ ಅಕ್ಷರಗಳು ಅವೇ, ಪರಿಣಾಮ ಮಾತ್ರ ಬೇರೆ ಬೇರೆ. ದೇಶದ ಚರಿತ್ರೆಯನ್ನು ಅದರ ಗಡಿಯೊಳಗೇ ಮುಗಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

1810ಕ್ಕೆ ಬಂದಾಗ ಯುದ್ಧದ ವರ್ಣನೆಯಲ್ಲಿ ಮೈಮರೆಯಬೇಡಿ. ಆಗಸ್ಟ್‌ನಲ್ಲಿ ಗ್ರಾಂ ಪೋರ್ ಕೊಲ್ಲಿಯಲ್ಲಿ ಫ್ರೆಂಚರು ಗೆದ್ದರು, ಡಿಸೆಂಬರ್ 3ರಂದು ಬ್ರಿಟಿಷರಿಗೆ ಶರಣಾದರು. ಇಷ್ಟು ತಿಳಿದರೆ ಸಾಕು. ಓದಬೇಕಾದದ್ದು ಶರಣಾಗತಿಯ ಷರತ್ತುಗಳನ್ನು. ನಿವಾಸಿಗಳ ಧರ್ಮ, ಕಾನೂನು, ಸಂಪ್ರದಾಯಗಳನ್ನು ಮುಟ್ಟುವುದಿಲ್ಲವೆಂದು ಬ್ರಿಟಿಷರು ಅದರಲ್ಲಿ ಒಪ್ಪಿಕೊಂಡರು. ಬಾವುಟ ಬದಲಾದರೂ ತೋಟದ ಒಡೆಯ ಬದಲಾಗಲಿಲ್ಲ, ಅವನ ಕೈಕೆಳಗಿನ ಗುಲಾಮನ ಸ್ಥಿತಿಯೂ ಬದಲಾಗಲಿಲ್ಲ. ಇಂದಿಗೂ ಅಲ್ಲಿನ ಸಿವಿಲ್ ಕಾನೂನಿನ ತಳಹದಿ ಫ್ರೆಂಚ್ ಆಗಿರುವುದು, ಪತ್ರಿಕೆಗಳು ಹೆಚ್ಚಾಗಿ ಫ್ರೆಂಚಿನಲ್ಲಿ ಬರುವುದು, ಸಂಸತ್ತಿನ ಭಾಷೆ ಇಂಗ್ಲಿಷ್ ಆದರೂ ಮನೆಮಾತು ಫ್ರೆಂಚಿನಿಂದ ಬೆಳೆದ ಕ್ರಿಯೋಲ್ ಆಗಿರುವುದು ಏಕೆಂದು ಕೇಳುವವರಿಗೆ ಉತ್ತರ ಆ ಷರತ್ತುಗಳಲ್ಲಿದೆ. ಆಳ್ವಿಕೆ ಬದಲಾದ ಪ್ರತಿಯೊಂದು ಇಸವಿಯ ಎದುರು, ಬದಲಾಗದೆ ಉಳಿದದ್ದು ಏನು ಎಂದು ಬರೆದುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಗುಲಾಮಗಿರಿ 1835ರ ಫೆಬ್ರವರಿ 1ರಂದು ಕಾನೂನಿನ ಮಟ್ಟಿಗೆ ಕೊನೆಗೊಂಡಿತು. ಇಪ್ಪತ್ತು ಲಕ್ಷ ಪೌಂಡಿಗೂ ಹೆಚ್ಚಿನ ಪರಿಹಾರ ಸಂದದ್ದು ಒಡೆಯರಿಗೆ; ಬಿಡುಗಡೆಯಾದವರಿಗೆ ಒಂದು ಕಾಸೂ ಸಿಗಲಿಲ್ಲ, ಅಷ್ಟೇ ಅಲ್ಲದೆ 1839ರವರೆಗೆ ಅವರು ತರಬೇತಿಯ ಹೆಸರಿನಲ್ಲಿ ಅದೇ ಒಡೆಯನ ಬಳಿ ದುಡಿಯಬೇಕಾಯಿತು. ಇದಕ್ಕೂ ಮುನ್ನವೇ, 1834ರ ನವೆಂಬರ್ 2ರಂದು, ಕಲ್ಕತ್ತೆಯಿಂದ ಹೊರಟ ಅಟ್ಲಾಸ್ ಎಂಬ ಹಡಗು 36 ಕೂಲಿಗಳನ್ನು ಪೋರ್ಟ್ ಲೂಯಿಯಲ್ಲಿ ಇಳಿಸಿತ್ತು. ಮುಂದಿನ ದಶಕಗಳಲ್ಲಿ ಬಿಹಾರದಿಂದ, ತಮಿಳು ಮತ್ತು ತೆಲುಗು ನಾಡುಗಳಿಂದ, ಮರಾಠಿ ಪ್ರದೇಶದಿಂದ ಹೀಗೆ ಕರಾರಿನ ಮೇಲೆ ಬಂದವರು ಸುಮಾರು ನಾಲ್ಕೂವರೆ ಲಕ್ಷ. ಈ ಎರಡು ಕಥೆಗಳನ್ನು ಬೇರೆ ಬೇರೆ ಅಧ್ಯಾಯಗಳಾಗಿ ಓದುವುದು ರೂಢಿ, ಅದು ತಪ್ಪು. ಒಂದು ದುಡಿಮೆಯ ಜಾಗಕ್ಕೆ ಇನ್ನೊಂದನ್ನು ತಂದದ್ದು ಅದೇ ಕಬ್ಬಿನ ಗದ್ದೆಗಾಗಿ, ಅದೇ ಒಡೆಯರಿಗಾಗಿ.

ಈ ಭಾಗವನ್ನು ಸಂಖ್ಯೆಗಳಲ್ಲಿ ಓದಿ ಮುಗಿಸದೆ ಒಬ್ಬ ಮನುಷ್ಯನ ದಾಖಲೆಯನ್ನು ಹಿಡಿದು ಓದಬೇಕು. ಮೋಕಾದಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ವಲಸೆಗಾರರ ನೋಂದಣಿ ಪುಸ್ತಕಗಳಿವೆ. ಅಲ್ಲಿ ಒಬ್ಬರಿಗೆ ಒಂದು ಸಾಲು: ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಎತ್ತರ, ಜಾತಿ, ಮೈಮೇಲಿನ ಗುರುತು, ಹಳ್ಳಿ, ಜಿಲ್ಲೆ, ಹಡಗು. ಆ ಸಾಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಓದಿ. ಹಳ್ಳಿಯ ಹೆಸರು ಗುಮಾಸ್ತನ ಕಿವಿಗೆ ಕೇಳಿಸಿದಂತೆ ಬರೆದದ್ದು, ಆದ್ದರಿಂದ ಅದನ್ನು ಗಟ್ಟಿಯಾಗಿ ಉಚ್ಚರಿಸಿ ನೋಡಿದರೆ ಮಾತ್ರ ಮೂಲ ಊರು ಹೊಳೆಯುತ್ತದೆ. ಗಾಯದ ಗುರುತನ್ನು ಬರೆದದ್ದು ಓಡಿಹೋದರೆ ಹಿಡಿಯಲಿಕ್ಕೆ. ಇಲ್ಲಿ ಬರೆದ ಒಂಟಿ ಹೆಸರೇ ಮುಂದೆ ಮೊಮ್ಮಕ್ಕಳ ಕುಟುಂಬನಾಮವಾಯಿತು. ಅಲ್ಲಿನ ಜಗ್ನಾಥ್ ಎಂಬ ಮನೆತನದ ಹೆಸರಿನಲ್ಲಿ ನಮ್ಮ ಜಗನ್ನಾಥ ಸುಲಭವಾಗಿ ಕೇಳಿಸುತ್ತಾನೆ. ಬಂದರಿನ ಆಪ್ರವಾಸಿ ಘಾಟ್‌ನಲ್ಲಿ, 1849ರಲ್ಲಿ ಕಟ್ಟತೊಡಗಿದ ವಲಸೆ ಕೇಂದ್ರದ ಹದಿನಾರು ಕಲ್ಲಿನ ಮೆಟ್ಟಿಲುಗಳು ಈಗಲೂ ಇವೆ, 2006ರಿಂದ ಅದು ಯುನೆಸ್ಕೋ ಪಾರಂಪರಿಕ ತಾಣ. ಆ ಮೆಟ್ಟಿಲು ಹತ್ತಿದವನಿಗೆ ಕರಾರಿನ ಪ್ರಕಾರ ತಿಂಗಳಿಗೆ ಐದು ರೂಪಾಯಿ ಕೂಲಿ. ಒಂದು ದಿನ ಗೈರುಹಾಜರಾದರೆ ಎರಡು ದಿನದ ಕೂಲಿ ಕಡಿತ. ಕರಾರು ಮುಗಿದವರೂ 1867ರ ಕಾನೂನಿನಂತೆ ಭಾವಚಿತ್ರವಿದ್ದ ಪರವಾನಗಿಯನ್ನು ಜೊತೆಗೆ ಇಟ್ಟುಕೊಂಡೇ ಓಡಾಡಬೇಕಿತ್ತು. ಅಧಿಕಾರಿಗಳ ಬರಹದಲ್ಲಿ ಇವರ ದನಿ ಸಿಗುವುದು ಅಪರೂಪ. ಕೂಲಿಗಳ ಪರ ನಿಂತ ತೋಟದ ಮೇಲ್ವಿಚಾರಕ ಅಡಾಲ್ಫ್ ದ ಪ್ಲೆವಿಟ್ಸ್ ನೆರವಿನಿಂದ 1871ರಲ್ಲಿ ಅವರು ಸಲ್ಲಿಸಿದ ಅರ್ಜಿಗೆ 9,401 ಮಂದಿ ಸಹಿ ಹಾಕಿದ್ದರು. ಅದರ ಫಲವಾಗಿ ರಾಯಲ್ ಕಮಿಷನ್ ಎಂಬ ಬ್ರಿಟಿಷ್ ತನಿಖಾ ಆಯೋಗ ನೇಮಕವಾಯಿತು. ಆ ಅರ್ಜಿಯನ್ನು ಮೊದಲು ಓದಿ, ಸರ್ಕಾರಿ ವರದಿಗಳನ್ನು ಆಮೇಲೆ ಓದಿ.

ಇಪ್ಪತ್ತನೆಯ ಶತಮಾನವನ್ನು ಸ್ವಾತಂತ್ರ್ಯದತ್ತ ನೇರವಾಗಿ ಹೋದ ರಸ್ತೆಯಂತೆ ಕಾಣುವುದು ಬೇಡ. 1936ರಲ್ಲಿ ಮಜೂರ ಪಕ್ಷ ಹುಟ್ಟಿತು, 1937ರಲ್ಲಿ ಕಬ್ಬಿನ ತೋಟಗಳಲ್ಲಿ ದಂಗೆಯೆದ್ದಿತು, 1943ರಲ್ಲಿ ಬೆಲ್ ವ್ಯೂ ಹಾರೆಲ್‌ನಲ್ಲಿ ಮುಷ್ಕರ ನಿರತರ ಮೇಲೆ ಪೊಲೀಸರು ಹಾರಿಸಿದ ಗುಂಡಿಗೆ ಅಂಜಲೈ ಕೂಪನ್ ಎಂಬ ಗರ್ಭಿಣಿಯೂ ಬಲಿಯಾದರು. ಆದರೆ 1967ರ ಚುನಾವಣೆಯಲ್ಲಿ ಸುಮಾರು ನೂರಕ್ಕೆ 44 ಮತಗಳು ಸ್ವಾತಂತ್ರ್ಯವನ್ನು ವಿರೋಧಿಸಿದ ಪಕ್ಷಕ್ಕೆ ಬಿದ್ದವು. ಬಹುಸಂಖ್ಯಾತರಾದ ಹಿಂದೂಗಳ ಆಳ್ವಿಕೆಯಲ್ಲಿ ತಮ್ಮ ಗತಿಯೇನು ಎಂಬ ಆತಂಕ ಇತರ ಸಮುದಾಯಗಳಲ್ಲಿ ದಟ್ಟವಾಗಿತ್ತು. ಆ ಮತ ಹಾಕಿದವರ ಹಿರಿಯರು ಯಾವ ಹಡಗಿನಲ್ಲಿ ಬಂದಿದ್ದರು ಎಂದು ಕೇಳಿದರೆ ಆ ಅಂಕಿ ಅರ್ಥವಾಗುತ್ತದೆ. ಗಾಂಧೀಜಿಯವರ ದಂಡಿಯಾತ್ರೆ ಹೊರಟ ದಿನವಾದ ಮಾರ್ಚ್ 12ನ್ನೇ ಆರಿಸಿಕೊಂಡು 1968ರಲ್ಲಿ ದೇಶ ಸ್ವತಂತ್ರವಾಯಿತು, ಶಿವಸಾಗರ ರಾಮ್‌ಗುಲಾಂ ಪ್ರಧಾನಿಯಾದರು; 1992ರ ಅದೇ ದಿನ ಗಣರಾಜ್ಯವಾಯಿತು. ಸಕ್ಕರೆಯೊಂದನ್ನೇ ನಂಬಿದ್ದ ದೇಶ 1970ರಿಂದ ರಫ್ತು ವಲಯದ ಬಟ್ಟೆ ಕಾರ್ಖಾನೆಗಳ ಕಡೆಗೆ, ಬಳಿಕ ಪ್ರವಾಸೋದ್ಯಮ ಮತ್ತು ಹಣಕಾಸು ಸೇವೆಗಳ ಕಡೆಗೆ ತಿರುಗಿದ ಕಥೆ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ವಿವರವಾಗಿ ಸಿಗುತ್ತದೆ.

ಓದಿನ ಕೊನೆಯಲ್ಲಿ ಚಾಗೋಸ್ ದ್ವೀಪಗಳಿಗೆ ಬನ್ನಿ. ಸ್ವಾತಂತ್ರ್ಯಕ್ಕೆ ಮೂರು ವರ್ಷ ಮುಂಚೆ, 1965ರಲ್ಲಿ, ಬ್ರಿಟನ್ ಅವುಗಳನ್ನು ಮಾರಿಷಸ್‌ನಿಂದ ಬೇರ್ಪಡಿಸಿ, ಅವುಗಳಲ್ಲಿ ದೊಡ್ಡದಾದ ದಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆಗೆ ಅವಕಾಶ ಮಾಡಿಕೊಟ್ಟಿತು. ಅಲ್ಲಿ ತಲೆಮಾರುಗಳಿಂದ ತೆಂಗಿನ ತೋಟಗಳಲ್ಲಿ ದುಡಿದು ಬದುಕಿದ್ದವರನ್ನು 1973ರೊಳಗೆ ಹಡಗುಗಳಲ್ಲಿ ತುಂಬಿ ಹೊರಹಾಕಲಾಯಿತು. ಅವರಲ್ಲಿ ಹೆಚ್ಚಿನವರು ಗುಲಾಮರಾಗಿ ಬಂದವರ ಸಂತತಿ. ಕೊನೆಯ ಹಡಗುಗಳಲ್ಲಿ ಒಂದಾದ ನಾರ್ಡ್‌ವೇರ್ ಪೋರ್ಟ್ ಲೂಯಿ ತಲುಪಿದಾಗ, ಹೋಗಲು ಮನೆಯೂ ಬದುಕಲು ದಾರಿಯೂ ಇಲ್ಲದ ಅದರ ಪ್ರಯಾಣಿಕರು ಇಳಿಯಲು ಒಪ್ಪಲಿಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಆ ಬೇರ್ಪಡಿಕೆ ಕಾನೂನುಬದ್ಧವಾಗಿರಲಿಲ್ಲವೆಂದು ಅಭಿಪ್ರಾಯ ನೀಡಿತು. 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಮಾರಿಷಸ್ ಸರ್ಕಾರಗಳು ದ್ವೀಪಗಳ ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಕೊಡುವ, ಸೇನಾ ನೆಲೆಯನ್ನು 99 ವರ್ಷ ಉಳಿಸಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. ಮೊದಲು ಕೇಳಿಕೊಂಡ ನಾಲ್ಕು ಪ್ರಶ್ನೆಗಳನ್ನು ಈ ಒಪ್ಪಂದದ ಮುಂದೆಯೂ ಇಟ್ಟು ನೋಡಿ. ಸಹಿ ಮಾಡಿದವರು ಎರಡು ಸರ್ಕಾರಗಳವರು. ನಾರ್ಡ್‌ವೇರ್‌ನಿಂದ ಇಳಿಯಲು ಒಪ್ಪದವರ ಮಕ್ಕಳ ಸಹಿಗೆ ಅದರಲ್ಲಿ ಜಾಗವಿರಲಿಲ್ಲ.